ಕಿಟಕಿ ಗಾಜು ಒರೆಸುವ ಬಟ್ಟೆ: ಮಾಡಬೇಕಾದ್ದು, ಮಾಡಬಾರದ್ದು

ದೀಪಾವಳಿಗೆ ಮನೆ ತೊಳೆಯಲು ಕೈಹಾಕುವ ಮುನ್ನ ಮನೆಯವರೂ ಕೆಲಸಕ್ಕೆ ಬರುವವರೂ ಇದನ್ನು ಓದಿಕೊಳ್ಳಬೇಕು. ಒರೆಸಿದ ಮೇಲೂ ಗಾಜಿನಲ್ಲಿ ಗೆರೆ ಉಳಿದರೆ, ತಿಕ್ಕಿದ್ದು ಸಾಲದು ಎಂದೋ ಸ್ಪ್ರೇ ಕಮ್ಮಿಯಾಯಿತು ಎಂದೋ ತಿಳಿಯಬೇಡಿ. ಗಾಜಿನ ಮೇಲೆ ನಿಂತ ನೀರು ತಾನಾಗಿ ಒಣಗಿದರೆ ಅದರಲ್ಲಿದ್ದ ಸೋಪು, ಸುಣ್ಣ, ಜಿಡ್ಡು ಅಲ್ಲೇ ಕೂರುತ್ತದೆ. ಆ ನೀರು ಒಣಗುವ ಮೊದಲೇ ಹೀರಿಕೊಳ್ಳುವ ಬಟ್ಟೆ ಕೈಯಲ್ಲಿರಬೇಕು. ಮಿಕ್ಕಿದ್ದೆಲ್ಲ ಆಮೇಲಿನ ಮಾತು.

ಮಾಡಬೇಕಾದ್ದು

ಎರಡು ಬಟ್ಟೆ ಇಟ್ಟುಕೊಳ್ಳಿ: ತೊಳೆಯಲು ಒಂದು, ಕೊನೆಗೆ ಒರೆಸಲು ಒಣಗಿದ್ದು ಇನ್ನೊಂದು. ಇವು ಅದಲುಬದಲಾಗಕೂಡದು, ಬೇರೆ ಬೇರೆ ಬಣ್ಣದ್ದನ್ನೇ ತನ್ನಿ. ಒಣ ಬಟ್ಟೆಯನ್ನು ಉಂಡೆ ಮಾಡಿ ಹಿಡಿಯಬೇಡಿ. ಎರಡು ಮಡಿಕೆ ಹಾಕಿದರೆ ಎಂಟು ಮುಖ ಸಿಗುತ್ತದೆ. ಒಂದು ಮುಖ ತೇವವಾಯಿತೋ, ಮಗುಚಿ ಇನ್ನೊಂದನ್ನು ಹಿಡಿಯಿರಿ. ಎಂಟೂ ತೇವವಾದರೆ ಬಟ್ಟೆಯನ್ನೇ ಬದಲಿಸಿ.

ಮೈಕ್ರೋಫೈಬರ್ ಎಂದು ಮಾರುವುದೆಲ್ಲ ಗಾಜಿಗೆ ಆಗುವುದಿಲ್ಲ. ಕಾರು ಒರೆಸಲು ತರುವ ದಪ್ಪ, ಜುಂಗು ಜುಂಗಾದ ಬಟ್ಟೆ ತೊಳೆಯುವುದಕ್ಕೆ ಸಾಕು. ಕೊನೆಗೆ ಒರೆಸಲು ಜುಂಗಿಲ್ಲದ, ಒತ್ತಾಗಿ ನೇಯ್ದ, ತೆಳುವಾದ ತುಂಡೇ ಬೇಕು. ಚೀಟಿ ನೋಡಿ: ಪಾಲಿಯೆಸ್ಟರ್ 80, ಪಾಲಿಅಮೈಡ್ 20 ಎಂದಿರುವುದು ಹೆಚ್ಚಾಗಿ ಸಿಗುತ್ತದೆ. ಒಳ್ಳೆಯ ಬಟ್ಟೆಯ ಎಳೆ ಸೀಳಿಕೊಂಡಿರುತ್ತದೆ. ಆ ಸೀಳುಗಳ ಸಂದಿಗೆ ನೀರೂ ಜಿಡ್ಡೂ ಸೇರುತ್ತದೆ. ಹೊಸತನ್ನು ಒಮ್ಮೆ ಒಗೆದು ಒಣಗಿಸಿ, ಮೇಲೆ ಒಂದು ಹನಿ ನೀರು ಬಿಡಿ. ಹನಿ ಮಣಿಯ ಹಾಗೆ ಮೇಲೆಯೇ ನಿಂತರೆ ಅದು ಹೆಸರಿಗಷ್ಟೇ ಮೈಕ್ರೋಫೈಬರ್. ಬೈಕ್ ಒರೆಸಲು ಇಟ್ಟುಕೊಳ್ಳಿ.

ಒಳ್ಳೆಯ ಮೈಕ್ರೋಫೈಬರ್ ಇಲ್ಲದಿದ್ದರೆ ಚಿಂತೆಯಿಲ್ಲ. ಒಗೆದು ಒಗೆದು ಸವೆದ ಹತ್ತಿ ಪಂಚೆ, ಬನಿಯನ್ ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ಅಂಚಿನ ದಪ್ಪ ಹೊಲಿಗೆ, ಗುಂಡಿಗಳನ್ನು ಕತ್ತರಿಸಿ ತೆಗೆಯಿರಿ. ಹೊಸ ಹತ್ತಿ ಬಟ್ಟೆ ಬೇಡ. ಅದರಲ್ಲಿ ಗಂಜಿ ಇರುತ್ತದೆ, ನೀರು ಕುಡಿಯುವುದಿಲ್ಲ, ಎಳೆಯನ್ನೂ ಬಿಡುತ್ತದೆ.

ಮೊದಲು ಧೂಳು ತೊಳೆದುಹೋಗಬೇಕು. ರಸ್ತೆಯ ಧೂಳಿನಲ್ಲಿ ಮರಳಿನ ಪುಡಿ, ಅಂದರೆ ಬೆಣಚುಕಲ್ಲಿನ ಚೂರು, ಇರುತ್ತದೆ. ಮೋಸ್ ಗಡಸುತನದ ಅಳತೆಯಲ್ಲಿ ಬೆಣಚುಕಲ್ಲು 7, ಕಿಟಕಿ ಗಾಜು 5.5ರ ಆಸುಪಾಸು. ಒಣಗಾಜನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಆ ಗೀರು ಯಾವ ದ್ರಾವಣಕ್ಕೂ ಹೋಗುವುದಿಲ್ಲ.

ದೊಡ್ಡ ಗಾಜಿಗೆ ತೆಳು ರಬ್ಬರ್ ಪಟ್ಟಿಯ ಕಿಟಕಿ ವೈಪರ್ ಬಳಸಿ. ಬಚ್ಚಲಮನೆ ನೆಲದ ವೈಪರ್ ಅಲ್ಲ. ಮೇಲಿನಿಂದ ಕೆಳಕ್ಕೆ ಎಳೆಯಿರಿ, ಪ್ರತಿ ಎಳೆತದ ಮೇಲೂ ರಬ್ಬರ್ ಅಂಚನ್ನು ಒರೆಸಿಕೊಳ್ಳಿ. ಅಂಚಿಗೆ ಕಚ್ಚು ಬಿದ್ದರೆ ಅದೇ ಜಾಗದಲ್ಲಿ ಉದ್ದಕ್ಕೂ ಗೆರೆ ಬೀಳುತ್ತದೆ. ಆಗ ರಬ್ಬರ್ ಬದಲಿಸುವುದೊಂದೇ ದಾರಿ.

ಒಳಮೈಯನ್ನು ಅಡ್ಡಡ್ಡ, ಹೊರಮೈಯನ್ನು ಉದ್ದುದ್ದ ಒರೆಸಿ. ಗೆರೆ ಯಾವ ಕಡೆ ಉಳಿದಿದೆ ಎಂಬುದು ತಾನಾಗಿ ತಿಳಿಯುತ್ತದೆ, ಒಳಗೂ ಹೊರಗೂ ಓಡಾಡುವ ಕೆಲಸ ತಪ್ಪುತ್ತದೆ.

ನೀರಿನ ವಿಷಯ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಇಟ್ಟಿರುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 600. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಈ ಲೆಕ್ಕಕ್ಕೆ ಸಿಗುತ್ತದೆಂಬ ಭರವಸೆ ಇಲ್ಲ. ಅದರಲ್ಲಿ ಧಾರಾಳವಾಗಿ ತೊಳೆಯಿರಿ, ಆದರೆ ಕೊನೆಯ ಸಲಕ್ಕೆ ಒಂದು ಚೊಂಬು ಆರ್‌ಒ ನೀರು ಅಥವಾ ಮಳೆನೀರು ಇರಲಿ.

ಮಾಡಬಾರದ್ದು

ಆರ್‌ಒ ಯಂತ್ರ ಹೊರಹಾಕುವ ನೀರನ್ನು ಗಾಜಿಗೆ ಮುಟ್ಟಿಸಬೇಡಿ. ಪೋಲಾಗದಿರಲಿ ಎಂದು ಬಕೆಟ್ಟಿನಲ್ಲಿ ಹಿಡಿದಿಡುವುದು ಒಳ್ಳೆಯದೇ. ಆದರೆ ಶುದ್ಧ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ. ನೆಲ ಒರೆಸಲು ಬಳಸಿ.

ಹಳೇ ನ್ಯೂಸ್‌ಪೇಪರ್ ಬೇಡ. ಪೇಪರಿನಿಂದ ಒರೆಸಿದರೆ ಹೊಳಪು ಬರುತ್ತದೆ ಎಂಬುದು ಸುಳ್ಳೇನಲ್ಲ, ಅದು ಎಳೆ ಬಿಡುವುದಿಲ್ಲ. ಆದರೆ ಒದ್ದೆಯಾದರೆ ಹರಿಯುತ್ತದೆ, ಮಸಿ ಕೈಗೂ ಬಿಳಿ ಯುಪಿವಿಸಿ ಚೌಕಟ್ಟಿಗೂ ಹತ್ತುತ್ತದೆ. ಭಾನುವಾರದ ಮಿರುಗುವ ಪುರವಣಿಯಂತೂ ನೀರನ್ನೇ ಕುಡಿಯದು. ರದ್ದಿಗೆ ಹಾಕಿ, ನಾಲ್ಕು ಕಾಸು ಬಂದೀತು.

ಟರ್ಕಿ ಟವೆಲ್, ಟಿಶ್ಯೂ ಪೇಪರ್: ಎರಡೂ ನೂಲು ಉದುರಿಸುತ್ತವೆ. ಹಳೇ ಸಿಂಥೆಟಿಕ್ ಸೀರೆ, ನೈಲಾನ್ ನೈಟಿ: ನೀರನ್ನು ಅತ್ತಿಂದಿತ್ತ ಬಳಿಯುತ್ತವೆ, ಎತ್ತುವುದಿಲ್ಲ. ಅಡುಗೆಮನೆ ಬಟ್ಟೆ ಎಷ್ಟು ಒಗೆದರೂ ಒಗ್ಗರಣೆಯ ಜಿಡ್ಡು ಬಿಟ್ಟಿರುವುದಿಲ್ಲ. ಗಾಜಿನ ಹತ್ತಿರ ಸುಳಿಯಕೂಡದು.

ಹಸಿರು ಸ್ಕ್ರಬ್ಬರ್, ಸ್ಟೀಲ್ ನಾರು, ಪಾತ್ರೆ ತಿಕ್ಕುವ ಪುಡಿ ಪೂರ್ತಿ ನಿಷಿದ್ಧ. ಅಜ್ಜಿ ಲಾಟೀನಿನ ಗಾಜನ್ನು ಬೂದಿಯಲ್ಲಿ ತಿಕ್ಕುತ್ತಿದ್ದರು ಎಂಬ ವಾದವೂ ಬೇಡ. ಆ ಗಾಜಿಗೆ ಫಿಲ್ಮ್, ಲೇಪನ ಏನೂ ಇರಲಿಲ್ಲ.

ಬಿಳಿ ಕಲೆಗೆ ವಿನೆಗರ್ ಆಗುತ್ತದೆ. ಆದರೆ ಕಿಟಕಿಯ ಕೆಳಗೆ ಮಾರ್ಬಲ್ ಅಥವಾ ಕಡಪ ಕಲ್ಲು ಇದ್ದರೆ ಒಂದು ತೊಟ್ಟೂ ಬೀಳಬಾರದು. ಎರಡೂ ಸುಣ್ಣದ ಅಂಶದ ಕಲ್ಲುಗಳು, ಹುಳಿ ಬಿದ್ದ ಕಡೆ ಹೊಳಪು ಹೋಗುತ್ತದೆ. ನಿಂಬೆಹಣ್ಣಿಗೂ ಇದೇ ಮಾತು.

ಬಿಸಿಲು ಬಿದ್ದ ಗಾಜನ್ನು ಒರೆಸಬೇಡಿ. ಬಟ್ಟೆ ತಲುಪುವ ಮೊದಲೇ ನೀರು ಆರುತ್ತದೆ. ಕನ್ನಡಿಗೆ ನೇರ ಸ್ಪ್ರೇ ಹೊಡೆಯಬೇಡಿ, ಬಟ್ಟೆಗೆ ಹೊಡೆಯಿರಿ. ಅಂಚಿನಿಂದ ಒಳಗಿಳಿದ ನೀರು ಹಿಂದಿನ ಬೆಳ್ಳಿ ಲೇಪವನ್ನು ಕಪ್ಪಾಗಿಸುತ್ತದೆ. ಟಿವಿ ಪರದೆಗೆ, ಸನ್ ಫಿಲ್ಮ್ ಅಂಟಿಸಿದ ಗಾಜಿಗೆ ಅಮೋನಿಯಾ ಇರುವ ದ್ರಾವಣ ಬೇಡವೇ ಬೇಡ.

ಮೈಕ್ರೋಫೈಬರನ್ನು ಹತ್ತಿ ಬಟ್ಟೆಗಳ ಜೊತೆ ಒಗೆಯಬೇಡಿ. ಹತ್ತಿಯ ನೂಲೆಲ್ಲ ಅದಕ್ಕೇ ಅಂಟುತ್ತದೆ. ಬಟ್ಟೆ ಮೃದುವಾಗಲೆಂದು ಹಾಕುವ ಕಂಡೀಷನರ್ ಹಾಕಲೇಬಾರದು. ಅದು ಎಳೆಯ ಮೇಲೆ ಪದರವಾಗಿ ಕೂತು, ಮುಂದಿನ ಸಲ ಗಾಜಿಗೆ ಹತ್ತುತ್ತದೆ.

ಗ್ರಿಲ್ ಹತ್ತಿ, ಕಿಟಕಿ ಕಟ್ಟೆಯ ಮೇಲೆ ನಿಂತು ಹೊರಮೈ ಒರೆಸುವಂತಿಲ್ಲ. ಉದ್ದ ಹಿಡಿಯ ವೈಪರಿಗೆ ಸಿಗದ ಗಾಜು ಹಾಗೇ ಇರಲಿ.

ಕೊನೆಯದು ಮನೆಯವರಿಗೆ. ಸರಿಯಾದ ಬಟ್ಟೆ ಒದಗಿಸುವುದು ನಿಮ್ಮ ಹೊಣೆ. ಹರಕು ನೈಟಿ ಕೈಗಿತ್ತು, ಗೆರೆ ಉಳಿಯಿತೆಂದು ಕೆಲಸದವರನ್ನು ಗದರಬೇಡಿ.