ಊದುವ ಮೊದಲೇ

ಮಗಾ, ಹೊಸ ಬೈಕ್ ತಗೊಂಡೆ ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ಶನಿವಾರ ಫ್ರೆಂಡ್ಸ್ ಜೊತೆ ಪಾರ್ಟಿ ಅಂತಾನೂ ಬಾಯಿಬಿಟ್ಟ. ಕುಡೀಬೇಡ ಅಂತ ಹೇಳೋಕೆ ಇದನ್ನ ಬರೀತಿಲ್ಲ, ಅದನ್ನ ನಿಮ್ಮಮ್ಮ ದಿನಾ ಹೇಳ್ತಾಳೆ. ಬೆಂಗಳೂರಲ್ಲಿ ವರ್ಷಗಟ್ಟಲೆ ರಾತ್ರಿ ಹೊತ್ತು ಬ್ಯಾರಿಕೇಡ್ ಪಕ್ಕ ನಿಂತ ನಿನ್ನ ದೊಡ್ಡಪ್ಪ ಕಂಡಿದ್ದನ್ನಷ್ಟೇ ಹೇಳ್ತೀನಿ.

ಹಾವು ಹರಿದ ಹಾಗೆ ಗಾಡಿ ಓಡಿಸೋನನ್ನ ಹಿಡಿಯೋಕೆ ಪೊಲೀಸೇ ಬೇಕಿಲ್ಲ, ಬೀದಿನಾಯಿಗೂ ಗೊತ್ತಾಗುತ್ತೆ. ನಾವು ಕಾಯ್ತಿದ್ದದ್ದು ಅತಿ ಹುಷಾರಿನವರನ್ನ. ಖಾಲಿ ರಸ್ತೇಲಿ ಇಪ್ಪತ್ತರ ಸ್ಪೀಡಲ್ಲಿ ಡಿವೈಡರ್‌ಗೆ ಅಂಟಿಕೊಂಡು ಬರೋನು. ಸಿಗ್ನಲ್‌ನಲ್ಲಿ ಗೆರೆಗಿಂತ ಎರಡು ಕಾರಿನಷ್ಟು ಹಿಂದೆಯೇ ನಿಂತು, ಹಸಿರು ಬಿದ್ದರೂ ಅದನ್ನೇ ನೋಡ್ತಾ ಕೂರೋನು. ತಿರುವು ದಾಟಿ ಎಷ್ಟೋ ಹೊತ್ತಾದರೂ ಇಂಡಿಕೇಟರ್ ಮಿಣಮಿಣ ಅಂತಾನೇ ಇರುತ್ತೆ. ಬೈಕಾದರೆ, ಹೊರಟ ಮೇಲೂ ಎರಡು ಕಾಲೂ ನೆಲ ಸವರ್ತಾ ಇರ್ತವೆ. ಬ್ಯಾರಿಕೇಡ್ ಕಂಡ ತಕ್ಷಣ ಪಕ್ಕದ ಗಲ್ಲಿಗೆ ನುಗ್ಗೋರೂ ಇದ್ದಾರೆ. ಆ ಗಲ್ಲಿಯ ಆ ತುದೀಲಿ ನಮ್ಮವನೊಬ್ಬ ನಿಂತಿರ್ತಾನೆ ಅಂತ ಅವರಿಗೆ ಹೊಳೆಯೋದೇ ಇಲ್ಲ.

ನಿಲ್ಲಿಸಿದ ಮೇಲೆ ಕಾರಿನ ಗಾಜು ಎರಡೇ ಬೆರಳಷ್ಟು ಇಳಿಯುತ್ತೆ. ಒಳಗಿಂದ ಏಲಕ್ಕಿ, ಸೋಂಪು, ಬೀಡಾ ವಾಸನೆ. ಅದನ್ನ ಮೂಸಿದರೆ ನಮಗೆ ಅನುಮಾನ ಜಾಸ್ತಿಯಾಗ್ತಿತ್ತೇ ಹೊರತು ಕಮ್ಮಿ ಆಗ್ತಿರಲಿಲ್ಲ. ನಾನು ಒಂದೇ ಉಸಿರಿಗೆ ಎರಡು ಮಾತು ಕೇಳ್ತಿದ್ದೆ: "ಡಿಎಲ್ ಕೊಡಿ, ಎಲ್ಲಿಂದ ಬರ್ತಿದ್ದೀರಿ?" ನೆಟ್ಟಗಿರೋನು ಮಾತಾಡ್ತಾನೇ ಪರ್ಸ್ ತೆಗೀತಾನೆ. ಕುಡಿದೋನು ಬಾಯಿ ತೆರೆದರೆ ಕೈ ನಿಲ್ಲುತ್ತೆ, ಕೈ ಆಡಿಸಿದರೆ ಬಾಯಿ ನಿಲ್ಲುತ್ತೆ. ಕೊನೆಗೆ ಎಟಿಎಂ ಕಾರ್ಡ್ ಕೊಟ್ಟವರೂ ಇದ್ದಾರೆ.

ಗುರುತು ಮೋಸ ಮಾಡೋದೂ ಉಂಟು. ಒಬ್ಬರು ತೊದಲ್ತಾ ಬೆವರ್ತಾ ಕೂತಿದ್ದರು, ಗದರಿಸಿಬಿಟ್ಟೆ. ಊದಿಸಿದರೆ ಸೊನ್ನೆ. ಶುಗರ್ ಇಳಿದುಹೋಗಿತ್ತು, ಪಾಪ. ಈಗಲೂ ನಾಚಿಕೆ ಆಗುತ್ತೆ. ಅದಕ್ಕೇ ನಮ್ಮ ಕಣ್ಣು ಎಷ್ಟೇ ಹೇಳಿದರೂ ಮಷೀನು ಹೇಳಬೇಕು.

ಮಷೀನಿನ ಲೆಕ್ಕವನ್ನ ನಿಮ್ಮ ಹುಡುಗರು ತಪ್ಪು ತಿಳ್ಕೊಂಡಿದ್ದೀರಿ. ಕಾನೂನಲ್ಲಿ 30 ಅಂತಿರೋದು ಮೂವತ್ತು ಎಂಎಲ್ಲಿನ ಪೆಗ್ ಅಲ್ಲ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲು. ಅದಕ್ಕಿಂತ ಹೆಚ್ಚಾದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. ಮೊದಲ ಸಲವೇ ಹತ್ತು ಸಾವಿರ ದಂಡ, ಇಲ್ಲಾ ಆರು ತಿಂಗಳವರೆಗೂ ಜೈಲು, ಎರಡೂ ಆಗಬಹುದು. ನಿಂಬೆಹುಳಿ, ಕಾಫಿ, ಈರುಳ್ಳಿ ಯಾವುದೂ ನಡೆಯೋಲ್ಲ. ಬರೋದು ಶ್ವಾಸಕೋಶದ ಗಾಳಿ, ಅದಕ್ಕೆ ಬಾಯಿ ತೊಳೆದರೆ ಏನಾಗುತ್ತೆ? ಆ 100 ಎಂಎಲ್ ರಕ್ತದ ಲೆಕ್ಕದಲ್ಲಿ ಇಳಿಯೋದೋ, ಗಂಟೆಗೆ ಹದಿನೈದು ಇಪ್ಪತ್ತು ಮಿಲಿಗ್ರಾಂನಷ್ಟೇ. ನಿದ್ದೆ ಮಾಡಿದರೂ ಅದೇ ನಡಿಗೆ. ಬೆಂಗಳೂರಲ್ಲಿ ಬೆಳಬೆಳಗ್ಗೆ ಸ್ಕೂಲ್ ವ್ಯಾನ್ ಡ್ರೈವರ್‌ಗಳನ್ನ ಊದಿಸೋದು ಸುಮ್ಮನೆ ಅಲ್ಲ.

ಕುಡಿಯೋದಾದರೆ ಬೈಕ್ ಮನೇಲೇ ಬಿಟ್ಟು ಹೋಗು. ಗ್ಲಾಸ್ ಹಿಡಿದ ಮೇಲೆ "ನಾನು ಸರಿಯಾಗೇ ಇದ್ದೀನಿ" ಅಂತ ಹೇಳೋನು ನೀನಲ್ಲ, ಒಳಗಿರೋದು.

ಒಂದು ರಾತ್ರಿ ನಿನ್ನ ವಯಸ್ಸಿನ ಹುಡುಗ ಬೈಕ್ ತಳ್ಕೊಂಡು ಬಂದ. "ಓಡಿಸ್ತಿಲ್ಲ ಸಾರ್, ತಳ್ತಿದ್ದೀನಿ" ಅಂದ. ಇದು ನಮಗೆ ಹಳೇ ನಾಟಕ. ಬಗ್ಗಿ ಸೈಲೆನ್ಸರ್ ಮುಟ್ಟಿದೆ. ತಣ್ಣಗಿತ್ತು. ಎರಡು ಕಿಲೋಮೀಟರ್ ತಳ್ಕೊಂಡೇ ಬಂದಿದ್ದ, ಶರ್ಟೆಲ್ಲ ಒದ್ದೆ. ಟೀ ಕೊಡಿಸಿ, ಬೈಕ್ ಅಲ್ಲೇ ನಿಲ್ಲಿಸ್ಕೊಂಡು ಆಟೋ ಹತ್ತಿಸಿದೆ. ಬೆಳಗ್ಗೆ ಏಳಕ್ಕೇ ಕೀ ಕೇಳ್ಕೊಂಡು ಬಂದ. ಊದಿಸಿದೆ. 34.

ಕೀ ಜೇಬಿಗೆ ಹಾಕ್ಕೊಂಡು, ಇನ್ನೊಂದು ಟೀ ಹೇಳಿದೆ.