ಕುಟುಂಬ ವೈದ್ಯರ ಭಾನುವಾರ

ಒಂದು ಮನೆಯ ಅಜ್ಜನಿಂದ ಮೊಮ್ಮಗುವಿನವರೆಗೆ ಎಲ್ಲರ ಸಾಮಾನ್ಯ ಕಾಯಿಲೆಗಳನ್ನು ನೋಡುವ, ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲವೆಂದು ಬಲ್ಲ, ಅಗತ್ಯ ಬಿದ್ದಾಗ ತಜ್ಞರ ಬಳಿಗೆ ಕಳುಹಿಸುವ ವೈದ್ಯರೇ ಕುಟುಂಬ ವೈದ್ಯರು. ಸರಸ್ವತಿಪುರಂ, ಕುವೆಂಪುನಗರ, ಒಂಟಿಕೊಪ್ಪಲು, ಮಂಡಿ ಮೊಹಲ್ಲಾದಂಥ ಮೈಸೂರಿನ ಬಡಾವಣೆಗಳಲ್ಲಿ ಹಿರಿಯರು ‘ಡಾಕ್ಟರ ಶಾಪು’ ಎಂದೇ ಕರೆಯುವ ಇವರ ಕ್ಲಿನಿಕ್ಕುಗಳು ಸಾಮಾನ್ಯವಾಗಿ ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ ತೆರೆಯುತ್ತವೆ. ಭಾನುವಾರ ಕೆಲವು ಬೆಳಿಗ್ಗೆ ಮಾತ್ರ ತೆರೆದರೆ, ಹಲವು ಬಾಗಿಲು ಹಾಕಿರುತ್ತವೆ.

ಭಾನುವಾರ ಬರುವ ರೋಗಿಗಳೇ ಬೇರೆ. ಹೆಬ್ಬಾಳು, ಮೇಟಗಳ್ಳಿ, ಹೂಟಗಳ್ಳಿಯ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ದಿನದ ಸಂಬಳ ಕಳೆದುಕೊಳ್ಳದೆ ವೈದ್ಯರನ್ನು ಕಾಣಲು ಸಿಗುವುದು ಹೆಚ್ಚಾಗಿ ವಾರದ ರಜೆಯ ದಿನವೇ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಶನಿವಾರ ಊರಿಗೆ ಬಂದು, ಮರುದಿನ ತಂದೆತಾಯಿಯನ್ನು ಕ್ಲಿನಿಕ್ಕಿಗೆ ಕರೆತರುವುದು ಮೈಸೂರಿನಲ್ಲಿ ಬೇರೂರಿದ ರೂಢಿ, ಮತ್ತು ಅದರ ಪ್ರಯೋಜನವನ್ನು ಪ್ರಸ್ತುತ ಲೇಖಕ ತನ್ನ ವೃತ್ತಿಯಲ್ಲಿ ಪದೇ ಪದೇ ಕಂಡಿದ್ದಾನೆ. ಮಗಳು ತಾಯಿಯ ಮಾತ್ರೆಗಳ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿದಾಗ, ಇಬ್ಬರು ವೈದ್ಯರು ಬೇರೆ ಬೇರೆ ಹೆಸರಿನಲ್ಲಿ ಬರೆದುಕೊಟ್ಟ, ಆದರೆ ಎರಡರಲ್ಲೂ ಅಮ್ಲೋಡಿಪಿನ್ ಎಂಬ ಒಂದೇ ರಕ್ತದೊತ್ತಡದ ಔಷಧಿ ಇರುವ ಮಾತ್ರೆಪಟ್ಟಿಗಳು ಹೊರಬೀಳುತ್ತವೆ. ವಾರವಿಡೀ ‘ವಯಸ್ಸಾಯಿತು, ಅದಕ್ಕೇ’ ಎಂದುಕೊಂಡಿದ್ದ ಕಾಲೂತದ ಕಾರಣವೂ ಅಲ್ಲೇ ತಿಳಿಯುತ್ತದೆ. ತಾವೊಬ್ಬರೇ ಬಂದ ವಾರದ ದಿನಗಳಲ್ಲಿ ಆ ತಾಯಿ ಕವರು ತಂದಿರುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಶನಿವಾರ ಸಂಜೆಯ ಜ್ವರ. ಡೆಂಗಿಯಲ್ಲಿ ಅಪಾಯದ ಘಟ್ಟ ಜ್ವರ ಏರಿರುವಾಗಲ್ಲ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ ಅದು ಇಳಿಯುವ ಹೊತ್ತಿನಲ್ಲಿ ಬರುತ್ತದೆ. ಆಗ ರಕ್ತನಾಳಗಳಿಂದ ದ್ರವ ಸೋರಿ ರೋಗಿ ಕುಸಿಯಬಹುದು. ಶನಿವಾರ ಮೂರನೆಯ ದಿನದ ಜ್ವರದಲ್ಲಿ ಬಂದ ಮಗುವಿಗೆ ಈ ಘಟ್ಟ ಬರುವುದು ಕ್ಲಿನಿಕ್ಕು ಮುಚ್ಚಿರುವ ಭಾನುವಾರವೇ ಆಗಿರಬಹುದು, ಮನೆಯವರು ಮಾತ್ರ ಜ್ವರ ಬಿಟ್ಟಿತೆಂದು ನೆಮ್ಮದಿಯಲ್ಲಿರುತ್ತಾರೆ. ಬಿಡದ ವಾಂತಿ, ಹೊಟ್ಟೆನೋವು, ವಸಡಿನಲ್ಲಿ ರಕ್ತ, ಮಂಕುತನ, ಇವುಗಳಲ್ಲಿ ಒಂದು ಕಂಡರೂ ಸೋಮವಾರದವರೆಗೆ ಕಾಯದೆ ಚೆಲುವಾಂಬ ಆಸ್ಪತ್ರೆಯಂಥ ಕಡೆಗೆ ಕರೆದೊಯ್ಯಬೇಕೆಂದು ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಡುವುದು ವಾರಾಂತ್ಯದ ವೈದ್ಯವೃತ್ತಿ ಕಲಿಸುವ ಅತಿ ಮುಖ್ಯ ಪಾಠ. ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ 2024ರಲ್ಲಿ ಇದರ ಬೆಲೆ ಇನ್ನಷ್ಟು ಸ್ಪಷ್ಟವಾಯಿತು.

ಹಾಗೆಂದು ಪ್ರತಿಯೊಬ್ಬ ವೈದ್ಯರೂ ಏಳೂ ದಿನ ಕುಳಿತಿರಬೇಕೆನ್ನುವುದು ನ್ಯಾಯವಲ್ಲ. ದಣಿದ ವೈದ್ಯರು ತಪ್ಪು ಮಾಡುತ್ತಾರೆ. ರಾತ್ರಿ ಒಬ್ಬರೇ ಇರುವ ಕ್ಲಿನಿಕ್ಕಿನಲ್ಲಿ ಭಯವೂ ಇದೆ. ಕೋಲ್ಕತ್ತದಲ್ಲಿ ನಡೆದ ವೈದ್ಯೆಯೊಬ್ಬರ ಹತ್ಯೆಯನ್ನು ಖಂಡಿಸಿ ಭಾರತೀಯ ವೈದ್ಯಕೀಯ ಸಂಘ 2024ರ ಆಗಸ್ಟ್ 17ರ ಶನಿವಾರ ಬೆಳಿಗ್ಗೆ 6ರಿಂದ ಭಾನುವಾರ ಬೆಳಿಗ್ಗೆ 6ರವರೆಗೆ ದೇಶದಾದ್ಯಂತ ತುರ್ತು ಸೇವೆಯ ಹೊರತು ಉಳಿದ ಸೇವೆ ನಿಲ್ಲಿಸಲು ಕರೆ ನೀಡಿದಾಗ, ಅದರ ಹಿಂದಿದ್ದುದು ಈ ಭಯವೇ. 2002ರ ವೈದ್ಯಕೀಯ ನೀತಿಸಂಹಿತೆಯೂ ಬಂದವರೆಲ್ಲರಿಗೂ ಚಿಕಿತ್ಸೆ ನೀಡಲೇಬೇಕೆಂದು ಕಟ್ಟುಪಾಡು ಹಾಕುವುದಿಲ್ಲ, ಆದರೆ ಕೈಗೆತ್ತಿಕೊಂಡ ರೋಗಿಯನ್ನು ಸಾಕಷ್ಟು ಮುನ್ಸೂಚನೆಯಿಲ್ಲದೆ ಬಿಡಬಾರದೆನ್ನುತ್ತದೆ.

ದಾರಿಯಿರುವುದು ಹೊಣೆ ಹಂಚಿಕೊಳ್ಳುವುದರಲ್ಲಿ. ಇಂಗ್ಲೆಂಡಿನಲ್ಲಿ 2004ರ ಒಪ್ಪಂದ ಕುಟುಂಬ ವೈದ್ಯರಿಗೆ ರಾತ್ರಿ ಮತ್ತು ವಾರಾಂತ್ಯದ ಹೊಣೆಯಿಂದ ಹೊರಗುಳಿಯಲು ಅವಕಾಶ ಕೊಟ್ಟಿತು. 2022ರ ಅಕ್ಟೋಬರಿನಿಂದ ಅಕ್ಕಪಕ್ಕದ ಚಿಕಿತ್ಸಾಲಯಗಳ ಗುಂಪುಗಳು ಸೇರಿ ಶನಿವಾರ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಸೇವೆ ಒದಗಿಸುವ ಏರ್ಪಾಡು ಬಂತು. ಮೈಸೂರಿನ ಒಂದು ಬಡಾವಣೆಯ ನಾಲ್ಕೈದು ಮಂದಿ ವೈದ್ಯರು ಭಾನುವಾರದ ಬೆಳಗನ್ನು ಸರದಿಯಂತೆ ಹಂಚಿಕೊಂಡು, ಆ ವಾರದ ಹೆಸರನ್ನು ಎಲ್ಲರ ಬಾಗಿಲಿಗೂ ಅಂಟಿಸುವುದಕ್ಕೆ ಸರ್ಕಾರಿ ಆದೇಶವೇನೂ ಬೇಕಿಲ್ಲ. ತನ್ನ ರೋಗಿ ಪಕ್ಕದ ಬೀದಿಯವರ ಪಾಲಾದಾನೆಂಬ ಅಂಜಿಕೆ ಇದಕ್ಕೆ ದೊಡ್ಡ ತೊಡಕು. ಕಾಯಿಲೆ, ಮಾತ್ರೆ, ಒಗ್ಗದ ಔಷಧಿಗಳನ್ನು ಬರೆದ ಪುಟ್ಟ ಪುಸ್ತಕ ರೋಗಿಯ ಕೈಯಲ್ಲೇ ಇದ್ದು, ಸರದಿಯ ವೈದ್ಯರು ಅದರಲ್ಲೇ ಎರಡು ಸಾಲು ಬರೆದು ಕಳುಹಿಸಿದರೆ, ಸೋಮವಾರ ರೋಗಿ ತನ್ನ ವೈದ್ಯರ ಬಳಿಗೇ ಮರಳುತ್ತಾನೆ. ಟೋಕನ್ ಕೊಡುವ, ಚುಚ್ಚುಮದ್ದು ಸಿದ್ಧಪಡಿಸುವ ಸಹಾಯಕಿಯರಿಗೂ ಇದೇ ಸರದಿ ಸಲ್ಲಬೇಕು, ಭಾನುವಾರ ದುಡಿದವರಿಗೆ ವಾರದ ನಡುವೆ ಒಂದು ದಿನ ಸಂಬಳಸಹಿತ ರಜೆ ಸಿಗಬೇಕು.