ಒಂದೇ ಬಾಟಲಿಗೆ ಎರಡು ಡ್ರೇನು ಏಕೆ?

ಕಳೆದ ಭಾನುವಾರ ವಾಚನಾಲಯದಲ್ಲಿ ಪತ್ರಿಕೆಗಳನ್ನು ಜೋಡಿಸುತ್ತಿದ್ದೆ. ಟ್ರಾಂಬೆಯ ಕಡೆ ಫಿಟ್ಟರ್ ಕೆಲಸಕ್ಕೆ ಹೊಸದಾಗಿ ಸೇರಿರುವ ಹುಡುಗನೊಬ್ಬನು ಬಂದು, "ಅಣ್ಣಾ, ನಮ್ಮ ಗ್ಯಾಸ್ ಕಂಪ್ರೆಸರಿನ ಸಿಲಿಂಡರಿಗೆ ಮೇಲೊಂದು ಬಾಟಲು, ಕೆಳಗೊಂದು ಬಾಟಲು. ಒಂದೊಂದಕ್ಕೂ ಎರಡೆರಡು ಡ್ರೇನು ಇಟ್ಟಿದ್ದಾರೆ. ಎರಡು ಏಕೆ? ಮೇಸ್ತ್ರಿಯನ್ನು ಕೇಳಿದರೆ 'ಇರಲಿ ಬಿಡೋ' ಅನ್ನುತ್ತಾರೆ" ಎಂದನು. ಇದರ ಉತ್ತರ ನನಗೆ ಗೊತ್ತು. ಗೊತ್ತಾದ ರೀತಿ ಮಾತ್ರ ಹೆಮ್ಮೆಯಿಂದ ಹೇಳಿಕೊಳ್ಳುವಂಥದಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಬಾಟಲು ಏತಕ್ಕೆಂಬುದನ್ನು ನೋಡೋಣ. ಪಿಸ್ಟನ್ ಹಿಂದೆ ಮುಂದೆ ಓಡುವ ಕಂಪ್ರೆಸರು ಸೈಕಲ್ ಪಂಪಿನ ಅಣ್ಣನೆಂದು ತಿಳಿಯಿರಿ. ಗಾಳಿಯಾಗಲಿ ಗ್ಯಾಸಾಗಲಿ ಒಂದೇ ಧಾರೆಯಾಗಿ ಹೊರಬರುವುದಿಲ್ಲ. ತುಂಡು ತುಂಡಾಗಿ ತಳ್ಳಿಸಿಕೊಂಡು ಬರುತ್ತದೆ. ನಿಮಿಷಕ್ಕೆ 300 ಸುತ್ತು ತಿರುಗುವ ಯಂತ್ರದಲ್ಲಿ, ಪಿಸ್ಟನಿನ ಎರಡು ಮಗ್ಗುಲೂ ಕೆಲಸ ಮಾಡುವುದಾದರೆ, ನಿಮಿಷಕ್ಕೆ 600 ತಳ್ಳು. ಎಂದರೆ ಸೆಕೆಂಡಿಗೆ 10. ಈ ಗುದ್ದು ಪೈಪಿನುದ್ದಕ್ಕೂ ಹೋದರೆ ಪೈಪು ನಡುಗುತ್ತದೆ, ಬೋಲ್ಟು ಸಡಿಲವಾಗುತ್ತದೆ, ವೆಲ್ಡು ಬಿರಿಯುತ್ತದೆ. ಊರಿನಲ್ಲಿ ಕೊಡ ಕೊಡವಾಗಿ ನೀರು ಸೇದಿ ತೊಟ್ಟಿಗೆ ಸುರಿದರೂ ತೊಟ್ಟಿಯ ಬುಡದ ತೂತಿನಿಂದ ನೀರು ಒಂದೇ ಸಮನೆ ಹರಿಯುವುದಿಲ್ಲವೆ? ಬಾಟಲೆಂಬುದು ಆ ತೊಟ್ಟಿ. ಇಂಜಿನಿಯರುಗಳು ಅದಕ್ಕೆ ಪಲ್ಸೇಷನ್ ಡ್ಯಾಂಪನರ್ ಎನ್ನುತ್ತಾರೆ. ಬರಿಯ ತೊಟ್ಟಿ ಸಾಲದೆ ಹೋದರೆ ನಡುವೆ ಅಡ್ಡಗೋಡೆಯಿಟ್ಟು ಎರಡು ಕೋಣೆ ಮಾಡಿ, ಗೋಡೆಯ ಮೂಲಕ ಒಂದು ಸಣ್ಣ ಕೊಳವೆಯನ್ನು ಹಾಯಿಸುತ್ತಾರೆ. ಗುದ್ದು ಆ ಕೊಳವೆಯನ್ನು ದಾಟುವಷ್ಟರಲ್ಲಿ ಬಹುಮಟ್ಟಿಗೆ ಅಡಗುತ್ತದೆ.

ನೀರು ಎಲ್ಲಿಂದ ಬಂತು? ನಾವು ಗುಮಾಸ್ತರು, ಲೆಕ್ಕ ಹಾಕಿಯೇ ನೋಡೋಣ. ಗಾಳಿಯ ಕಂಪ್ರೆಸರನ್ನೇ ತೆಗೆದುಕೊಳ್ಳಿ. 30 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಿನ ಆವಿಯನ್ನು ಹಿಡಿದೀತು. ಮುಂಬಯಿಯ ಮಳೆಗಾಲದಲ್ಲಿ ಅದರ ನೂರಕ್ಕೆ 80 ಪಾಲು, ಅಂದರೆ 24 ಗ್ರಾಂ ಇದೆಯೆನ್ನಿ. ಗೇಜಿನಲ್ಲಿ 7 ಬಾರ್ ತೋರಿಸುವಷ್ಟು ಒತ್ತಿದರೆ 8 ಘನಮೀಟರ್ ಗಾಳಿ ಒಂದು ಘನಮೀಟರಾಗುತ್ತದೆ. ಒಳಗೆ ಹೋದ ನೀರು 192 ಗ್ರಾಂ. ಮತ್ತೆ 30 ಡಿಗ್ರಿಗೆ ತಣಿದ ಮೇಲೆ ಗಾಳಿ ಹಿಡಿಯಬಲ್ಲದ್ದು 30 ಗ್ರಾಂ ಮಾತ್ರ. ಮಿಕ್ಕ 162 ಗ್ರಾಂ ನೀರಾಗಿ ಇಳಿಯಲೇಬೇಕು. ನಿಮಿಷಕ್ಕೆ 10 ಘನಮೀಟರ್ ಗಾಳಿ ಎಳೆಯುವ ಯಂತ್ರ ಒಂದು ಪಾಳಿಯ 8 ಗಂಟೆ ನಡೆದರೆ ಸುಮಾರು 97 ಲೀಟರ್! ನಲ್ಲಿ ನಿಂತ ದಿನ ಚಾಳಿನಲ್ಲಿ ಇಷ್ಟು ನೀರು ಸಿಕ್ಕಿದರೆ ಒಂದು ಸಂಸಾರದ ದಿನ ಕಳೆದೀತು.

ಇದರಲ್ಲಿ ಹೆಚ್ಚಿನದು ಕೂಲರಿನಲ್ಲಿ, ಅದರ ಮುಂದಿನ ಸೆಪರೇಟರಿನಲ್ಲಿ ಇಳಿಯುತ್ತದೆ. ತಪ್ಪಿಸಿಕೊಂಡದ್ದು ಮುಂದಿನ ಹಂತದ ಸಕ್ಷನ್ ಬಾಟಲಿಗೆ ಹೋಗುತ್ತದೆ. ಡಿಸ್ಚಾರ್ಜ್ ಬಾಟಲು ನಡೆಯುವಾಗ ಬಿಸಿಯಾಗಿರುವುದರಿಂದ ಅಲ್ಲಿ ನೀರು ನಿಲ್ಲುವುದು ಕಡಿಮೆ. ಯಂತ್ರ ನಿಂತು ತಣಿದಾಗ ನೀರೂ ಎಣ್ಣೆಯೂ ತಳಕ್ಕಿಳಿಯುತ್ತವೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಕೊನೆ ಮುಟ್ಟಿದಾಗ ಉಳಿಯುವ ಜಾಗ ಬಹಳ ಕಿರಿದು. ಅಲ್ಲಿ ಒಮ್ಮೆಗೇ ನೀರು ನುಗ್ಗಿತೆಂದರೆ ವಾಲ್ವಿನ ತಟ್ಟೆ ಒಡೆಯುತ್ತದೆ, ರಾಡು ಬಾಗುತ್ತದೆ, ಸಿಲಿಂಡರಿನ ಹೆಡ್ಡೇ ಸೀಳಿದರೂ ಆಶ್ಚರ್ಯವಿಲ್ಲ.

ಈಗ ಹುಡುಗನ ಪ್ರಶ್ನೆ. ನಡುವೆ ಗೋಡೆಯಿದ್ದ ಮೇಲೆ ಒಂದು ಕೋಣೆಯ ಡ್ರೇನಿನಿಂದ ಇನ್ನೊಂದು ಕೋಣೆಯ ನೀರು ಬರುವುದಾದರೂ ಹೇಗೆ? ಆದುದರಿಂದಲೇ ಅಮೆರಿಕನ್ ಪೆಟ್ರೋಲಿಯಂ ಇನ್ಸ್ಟಿಟ್ಯೂಟಿನ 618ನೆಯ ಸ್ಟಾಂಡರ್ಡು ಸಾಧ್ಯವಿದ್ದಲ್ಲೆಲ್ಲ ಕೋಣೆಗೊಂದು ಡ್ರೇನು ಇರಬೇಕೆಂದು ಹೇಳುತ್ತದೆ. ಸಾಧ್ಯವಿಲ್ಲದ ಕಡೆ, ಕೊಳ್ಳುವವರು ಒಪ್ಪಿದರೆ, ಗೋಡೆಯ ಬುಡದಲ್ಲಿ ದುಂಡಗೆ ಕಚ್ಚು ಕೊಯ್ದು ನೀರಿಗೆ ದಾರಿ ಬಿಡಬಹುದು. ಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ದುಂಡಗಿದ್ದರೆ ಆ ಭಯ ಕಡಿಮೆ.

ಡ್ರೇನಿಗೂ ತನ್ನದೇ ಕಷ್ಟವುಂಟು. ನಡುಗುವ ದೊಡ್ಡ ಬಾಟಲಿಗೆ ಸಣ್ಣ ಪೈಪು ಬೆಸೆದು, ತುದಿಗೆ ಭಾರದ ವಾಲ್ವನ್ನು ನೇತುಹಾಕಿದರೆ, ಉದ್ದ ಕೋಲಿನ ತುದಿಗೆ ಕಲ್ಲು ಕಟ್ಟಿದಂತೆ ಅದು ಅಲುಗಿ ಅಲುಗಿ ಬುಡದ ವೆಲ್ಡಿನಲ್ಲಿ ಮುರಿಯುತ್ತದೆ. ಪೈಪು ದಪ್ಪ ಗೋಡೆಯದಾಗಿರಬೇಕು, ಗಿಡ್ಡವಾಗಿರಬೇಕು. ಎರಡು ದಿಕ್ಕಿನಿಂದ ಆಧಾರದ ಪಟ್ಟಿ ಬೇಕು. ಆ ಪಟ್ಟಿಯನ್ನು ಬಾಟಲಿಗೇ ಕಟ್ಟಬೇಕು, ನೆಲಕ್ಕಲ್ಲ. ಬಾಟಲು ಒಂದು ಕಡೆ ಎಳೆದು ನೆಲ ಇನ್ನೊಂದು ಕಡೆ ಹಿಡಿದರೆ ನಡುವೆ ಸಿಕ್ಕಿದ ಸಣ್ಣ ಪೈಪಿನ ಗತಿಯೇನು!

ಗಾಳಿಯಾದರೆ ನೀರನ್ನು ಹೊರಗೆ ಬಿಟ್ಟರಾಯಿತು. ಉರಿಯುವ ಅಥವಾ ವಿಷದ ಗ್ಯಾಸಾದರೆ ಹಾಗಲ್ಲ. ಮುಚ್ಚಿದ ಪೈಪಿನಲ್ಲಿಯೇ ಅದಕ್ಕೆಂದು ಇಟ್ಟ ಡ್ರಮ್ಮಿಗೆ ಒಯ್ಯಬೇಕು. ಸಾಲಾಗಿ ಎರಡು ವಾಲ್ವುಗಳಿದ್ದರೆ ಒಂದು ಸೋರಿದರೂ ಇನ್ನೊಂದು ಕಾಯುತ್ತದೆ. ತೆರೆಯುವಾಗ ನಿಧಾನ. ಸಕ್ಷನ್ ಡ್ರೇನನ್ನೂ ಡಿಸ್ಚಾರ್ಜ್ ಡ್ರೇನನ್ನೂ ಒಂದೇ ಪೈಪಿಗೆ ಸೇರಿಸಿ ಎರಡನ್ನೂ ಒಟ್ಟಿಗೆ ತೆರೆದರೆ ಹೆಚ್ಚಿನ ಒತ್ತಡದ ಕಡೆಯದು ಕಡಿಮೆ ಒತ್ತಡದ ಕಡೆಗೆ ನುಗ್ಗುತ್ತದೆ.

ಇನ್ನು ನನ್ನ ಕತೆ. ಹಿಂದೆ ನಾನು ಒಂದು ಗಿರಣಿಯ ಸ್ಟೋರಿನಲ್ಲಿ ಗುಮಾಸ್ತನಾಗಿದ್ದೆ. ಗಾಳಿಯ ಕಂಪ್ರೆಸರಿನ ಎರಡನೆಯ ಹಂತದ ಸಕ್ಷನ್ ಬಾಟಲಿಗೆ ಡ್ರೇನ್ ವಾಲ್ವು ಎರಡು ಬೇಕೆಂದು ಫಿಟ್ಟರ್ ಇಂಡೆಂಟ್ ಕಳುಹಿಸಿದ್ದರು. ಬಾಟಲು ಒಂದು, ವಾಲ್ವು ಎರಡೇಕೆ ಎಂದು ನಾನೇ ಎರಡನ್ನು ಹೊಡೆದುಹಾಕಿ ಒಂದು ಮಾಡಿ ಮೇಲಿನವರ ಸಹಿಗೆ ಇಟ್ಟೆ. ಇನ್ನೊಂದು ತೂತಿಗೆ ಪ್ಲಗ್ ಬಿತ್ತು. ಅದು ಸಿಲಿಂಡರಿನ ಪಕ್ಕದ ಕೋಣೆ. ಮಳೆಗಾಲದಲ್ಲಿ ರಜೆ ಕಳೆದು ಯಂತ್ರ ಹೊರಡಿಸಿದ ದಿನ ದೊಡ್ಡ ಸದ್ದಾಯಿತು. ಹೆಡ್ಡು ಬಿಚ್ಚಿದಾಗ ವಾಲ್ವಿನ ತಟ್ಟೆಗಳು ಚೂರುಚೂರು, ರಾಡು ಬಾಗಿತ್ತು. ಗಾಳಿಯಿಂದ ನೂಲು ಹಾರಿಸುವ ಮಗ್ಗಗಳೆಲ್ಲ ಮೂರು ದಿನ ನಿಂತವು. ಕಾಯಂ ಜನಕ್ಕೆ ಸಂಬಳ ಬಂತು. ಬದಲಿಯವರನ್ನು ಮೂರು ದಿನವೂ ಗೇಟಿನಿಂದಲೇ ಹಿಂದಕ್ಕೆ ಕಳುಹಿಸಿದರು. ಅವರಲ್ಲಿ ನಮ್ಮ ಚಾಳಿನವರೇ ನಾಲ್ವರಿದ್ದರು. ಫಿಟ್ಟರ್ ನನಗೆ ಒಂದು ಮಾತೂ ಅನ್ನಲಿಲ್ಲ. ಹೊಸ ಇಂಡೆಂಟ್ ತಂದು ಮೇಜಿನ ಮೇಲಿಟ್ಟು, ನಾನು ಸಹಿಗೆ ಕಳುಹಿಸುವ ತನಕ ಅಲ್ಲಿಯೇ ನಿಂತಿದ್ದರು.

ಹುಡುಗನಿಗೆ ಹೇಳಿದ್ದೇನೆ: ಪಾಳಿಗೆ ಹೋದಾಗ ಯಾವ ಡ್ರೇನಿಗೆ ವಾಲ್ವಿದೆ, ಯಾವುದಕ್ಕೆ ಬರಿಯ ಪ್ಲಗ್ಗಿದೆ ನೋಡಿ, ಮೇಸ್ತ್ರಿಯ ಅನುಮತಿ ಪಡೆದು ಕಾಗದದ ಮೇಲೆ ಗೀಚಿಕೊಂಡು ಬಾ ಎಂದು. ಮುಂದಿನ ಭಾನುವಾರ ಹತ್ತು ಗಂಟೆಗೆ ಆ ಚಿತ್ರ ನೋಡಲು ಕೂರುತ್ತೇವೆ. ಬರುವವರು ಬರಬಹುದು.